‘ಅಮಾನ್ಯ ಹೆಸರು’: ಜಾಲನಮೂನೆಗಳ ಸಿಂಧುತ್ವ ಪರಿಶೀಲನೆಯಲ್ಲಿ ಕನ್ನಡದ ಅಕ್ಷರ

1. ಪೀಠಿಕೆ

ಜಾಲತಾಣದ ಅರ್ಜಿ ನಮೂನೆಯೊಂದರಲ್ಲಿ ತನ್ನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದವರಿಗೆ ‘ದಯವಿಟ್ಟು ಸರಿಯಾದ ಹೆಸರನ್ನು ನಮೂದಿಸಿ’ ಎಂಬ ಉತ್ತರ ಬರುವುದುಂಟು. ಇದನ್ನು ತಂತ್ರಾಂಶದ ಸಣ್ಣ ಲೋಪವೆಂದು ಬದಿಗಿಡುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಇದು ಭಾಷಾವಿಜ್ಞಾನಕ್ಕೆ ಸೇರಿದ ಪ್ರಶ್ನೆ. ಬಳಕೆದಾರರು ಬರೆದದ್ದನ್ನು ಸ್ವೀಕರಿಸುವ ಮೊದಲು ಅದು ನಿಯಮಕ್ಕೆ ಸಲ್ಲುತ್ತದೆಯೇ ಎಂದು ನೋಡುವ ಕ್ರಿಯೆಗೆ ‘ಸಿಂಧುತ್ವ ಪರಿಶೀಲನೆ’ ಎಂದು ಹೆಸರು. ಅಂತಹ ಪ್ರತಿಯೊಂದು ನಿಯಮವೂ ಯಾವುದು ಅಕ್ಷರ, ಯಾವುದು ಪದ, ಯಾವುದು ಹೆಸರು ಎಂಬುದರ ಬಗೆಗೆ ಒಂದು ತೀರ್ಮಾನವನ್ನು ಒಳಗೊಂಡಿರುತ್ತದೆ. ಆದ್ದರಿಂದ ಅದೊಂದು ವ್ಯಾಕರಣ. ಬರೆದವರಿಗೆ ಅದು ವ್ಯಾಕರಣವೆಂಬ ಅರಿವಿಲ್ಲದಿದ್ದರೂ ಅದರ ವಿಧಾಯಕ ಶಕ್ತಿ ಕಡಿಮೆಯಾಗುವುದಿಲ್ಲ.

ಈ ನಿಯಮಗಳ ಚರಿತ್ರೆಯನ್ನು ಕನ್ನಡದ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡಕ್ಕೆ ಸಂಕೇತಾವಳಿಯಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ನಮೂನೆಯೊಳಗೆ ಪ್ರವೇಶ ದೊರೆಯಲಿಲ್ಲ. ರೋಮನ್ ಲಿಪಿಯ ‘ಲೆಟರ್’ ಎಂಬ ಘಟಕವು ಪರಿಶೀಲನೆಯ ಪ್ರತಿಯೊಂದು ಪದರದಲ್ಲೂ ಮರಳಿ ಮರಳಿ ಕಾಣಿಸಿಕೊಂಡದ್ದೇ ಇದಕ್ಕೆ ಕಾರಣವೆಂಬುದು ನಮ್ಮ ವಾದ.

2. ನಿಯಮದ ಮೂಲ

ನಮೂನೆಗಳ ಪರಿಶೀಲನೆಗೆ ಬಹುಮಟ್ಟಿಗೆ ಬಳಕೆಯಾಗುವ ಸಾಧನ ರೆಗ್ಯುಲರ್ ಎಕ್ಸ್‌ಪ್ರೆಷನ್. ಅದರ ಗಣಿತವನ್ನು ಸ್ಟೀಫನ್ ಕ್ಲೀನಿ 1956ರಲ್ಲಿ ಪ್ರಕಟಿಸಿದರು. ಅದೇ ವರ್ಷ ನೋಮ್ ಚಾಮ್‌ಸ್ಕಿ, ಭಾಷಾವರ್ಣನೆಯ ಮೂರು ಮಾದರಿಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ, ಪರಿಮಿತ ಸ್ಥಿತಿಯ ವ್ಯಾಕರಣವು ಇಂಗ್ಲಿಷ್ ವಾಕ್ಯರಚನೆಗೆ ಸಾಲದೆಂದು ತೋರಿಸಿದರು. ವಾಕ್ಯವಿಜ್ಞಾನ ಕೈಬಿಟ್ಟ ಈ ಸಾಧನವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪಠ್ಯಶೋಧಕ್ಕೆ ಅಳವಡಿಸಿದರು. ಅಲ್ಲಿಂದ ಅದು ಯುನಿಕ್ಸ್ ಉಪಕರಣಗಳಿಗೂ, ಪರ್ಲ್ ಭಾಷೆಗೂ, 1999ರ ಇಸಿಎಂಎಸ್ಕ್ರಿಪ್ಟ್ ಮೂರನೆಯ ಆವೃತ್ತಿಯ ಮೂಲಕ ಜಾವಾಸ್ಕ್ರಿಪ್ಟಿಗೂ ಬಂದಿತು.

ಈ ಪರಂಪರೆಯಲ್ಲಿ ‘ಪದದ ಚಿಹ್ನೆ’ ಎಂಬ ಒಂದು ಸಿದ್ಧವರ್ಗವಿದೆ. ಜಾವಾಸ್ಕ್ರಿಪ್ಟಿನಲ್ಲಿ ಅದರ ಸದಸ್ಯಸಂಖ್ಯೆ 63: ರೋಮನ್ನಿನ 26 ದೊಡ್ಡಕ್ಷರ, 26 ಚಿಕ್ಕಕ್ಷರ, 10 ಅಂಕಿ ಮತ್ತು ಒಂದು ಅಡಿಗೆರೆ. ಯಾವ ಸಹಜ ಭಾಷೆಯ ಪದದಲ್ಲೂ ಅಡಿಗೆರೆ ಇಲ್ಲ; ಕ್ರಮವಿಧಿ ಬರೆಯುವವರು ಚರಾಂಶಗಳಿಗೆ ಇಡುವ ಹೆಸರುಗಳಲ್ಲಿ ಮಾತ್ರ ಇದೆ. ಯಂತ್ರಭಾಷೆಯ ‘ಹೆಸರ’ನ್ನು ಗುರುತಿಸಲು ಹುಟ್ಟಿದ ವರ್ಗವೇ ಮುಂದೆ ಮನುಷ್ಯರ ಹೆಸರನ್ನೂ ಅಳೆಯತೊಡಗಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರಿಮಿತ ಸ್ಥಿತಿಯ ಯಂತ್ರವು ವಾಕ್ಯಕ್ಕೆ ಸಾಲದಿದ್ದರೂ ಅಕ್ಷರರಚನೆಗೆ ಸಾಕು. ವ್ಯಂಜನ, ವಿರಾಮಚಿಹ್ನೆ, ಒತ್ತಕ್ಷರ, ಸ್ವರಚಿಹ್ನೆ, ಅನುಸ್ವಾರ ಎಂಬ ಕನ್ನಡದ ಅನುಕ್ರಮವನ್ನು ಅದು ನಿರಾಯಾಸವಾಗಿ ವರ್ಣಿಸಬಲ್ಲದು. ದೋಷ ಯಂತ್ರದ್ದಲ್ಲ, ಅದರ ಕೈಗೆ ಕೊಟ್ಟ ವರ್ಣಮಾಲೆಯದು.

3. ನಮೂನೆ ಮತ್ತು ಭಯ

ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ 1995ರ ನವೆಂಬರಿನಲ್ಲಿ ಪ್ರಕಟಿಸಿದ ಎಚ್‌ಟಿಎಂಎಲ್ 2.0 ವಿವರಣೆಯಲ್ಲಿ ನಮೂನೆಗಳು ಸೇರಿದ್ದವು. ಅದರ ದಾಖಲೆಗಳ ವರ್ಣಸಮೂಹ ಪಶ್ಚಿಮ ಯೂರೋಪಿನ ಭಾಷೆಗಳಿಗೆ ರೂಪಿಸಿದ ಐಎಸ್‌ಒ 8859-1. ಜಾಲಪುಟಗಳ ವರ್ಣಸಮೂಹವನ್ನು ಐಎಸ್‌ಒ 10646ಕ್ಕೆ, ಎಂದರೆ ಯೂನಿಕೋಡಿನ ವ್ಯಾಪ್ತಿಗೆ, ವಿಸ್ತರಿಸಿದ ದಾಖಲೆ 1997ರ ಜನವರಿಯದು. ನಡುವಿನ ಅವಧಿಯಲ್ಲಿ ಜಾವಾಸ್ಕ್ರಿಪ್ಟ್ ಬಂದು, ನಮೂನೆಯನ್ನು ಬಳಕೆದಾರರ ಯಂತ್ರದಲ್ಲಿಯೇ ಪರಿಶೀಲಿಸುವ ಪದ್ಧತಿ ನೆಲೆಗೊಂಡಿತ್ತು.

ಶತಮಾನದ ಕೊನೆಯಲ್ಲಿ ಪರಿಶೀಲನೆಗೆ ಎರಡನೆಯ ಪ್ರೇರಣೆಯೊಂದು ಸೇರಿತು: ಭಯ. ನಮೂನೆಯ ಮೂಲಕ ದತ್ತಸಂಚಯಕ್ಕೆ ಆಜ್ಞೆಗಳನ್ನು ನುಗ್ಗಿಸುವ ಎಸ್‌ಕ್ಯೂಎಲ್ ಇಂಜೆಕ್ಷನ್ ವಿಧಾನ 1998ರಲ್ಲಿ ಬಹಿರಂಗವಾಗಿ ಚರ್ಚೆಗೆ ಬಂತು. ಅನ್ಯರ ಪುಟದಲ್ಲಿ ಕ್ರಮವಿಧಿ ತುಂಬುವ ಅಪಾಯದ ಬಗೆಗೆ ಅಮೆರಿಕದ ಸಿಇಆರ್‌ಟಿ ಸಂಸ್ಥೆ 2000ದ ಫೆಬ್ರವರಿಯಲ್ಲಿ ಎಚ್ಚರಿಕೆ ನೀಡಿತು. ‘ತಿಳಿದಿರುವ ಚಿಹ್ನೆಗಳನ್ನು ಮಾತ್ರ ಒಳಗೆ ಬಿಡು’ ಎಂಬ ಸೂತ್ರ ಸುರಕ್ಷತೆಯ ಪ್ರಥಮ ಪಾಠವಾಯಿತು. ಪಾಠ ಸರಿಯಾದದ್ದೇ, ಆದರೆ ‘ತಿಳಿದಿರುವ’ ಎಂಬುದರ ಕರ್ತೃ ಯಾರೆಂದು ಅದು ಕೇಳಲಿಲ್ಲ. ಐರಿಷ್ ಕುಲನಾಮಗಳ ಮೇಲುಕೊಂಬು ಅಪಾಯಕಾರಿ ಚಿಹ್ನೆಯಾಯಿತು. ರೋಮನ್ನಲ್ಲದ ಲಿಪಿಗಳು ಸಾರಾಸಗಟಾಗಿ ಅಪರಿಚಿತವಾದವು. ಅಪರಿಚಿತವಾದದ್ದೂ ಅಪಾಯಕಾರಿಯಾದದ್ದೂ ಒಂದೇ ಸಂದೇಶದಡಿ ಬಂದವು: ‘ಅಮಾನ್ಯ’.

4. ಸಂಕೇತದಲ್ಲಿ ಕನ್ನಡ

ಇದೇ ವರ್ಷಗಳಲ್ಲಿ ಕರ್ನಾಟಕದಲ್ಲಿ ಕನ್ನಡ ಬೆರಳಚ್ಚು ನಡೆಯುತ್ತಿದ್ದುದು ಬಹುಪಾಲು ಬೇರೊಂದು ಹಾದಿಯಲ್ಲಿ. ಸರ್ಕಾರಿ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಾದ ‘ನುಡಿ’ಯ ಆರಂಭಿಕ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ರೋಮನ್ ಚಿಹ್ನೆಗಳ ಸ್ಥಾನದಲ್ಲಿ ಕುಳಿತಿದ್ದವು. ‘ಕನ್ನಡ’ ಎಂಬ ಪದವನ್ನೇ ನೋಡಿ: ಯಂತ್ರದ ಪಾಲಿಗೆ ಅದರೊಳಗೆ ಬ್ರಿಟಿಷ್ ಪೌಂಡಿನ ಚಿಹ್ನೆ ಇತ್ತು. ಕಣ್ಣಿಗೆ ಕನ್ನಡ, ಕಡತಕ್ಕೆ ಕಲಸಿದ ರೋಮನ್. ಇಂತಹ ಪಠ್ಯದ ಸಿಂಧುತ್ವವನ್ನು ಭಾಷೆಯ ನೆಲೆಯಲ್ಲಿ ಪರಿಶೀಲಿಸುವುದು ಸಾಧ್ಯವೇ ಇರಲಿಲ್ಲ.

ಮತ್ತೊಂದು ಹಾದಿ ಭಾರತೀಯ ಮಾನಕ ಬ್ಯೂರೋದ ಇಸ್ಕಿ, ಅಂದರೆ ಐಎಸ್ 13194:1991. ಬ್ರಾಹ್ಮೀಮೂಲದ ಲಿಪಿಗಳಿಗೆ ಸಮಾನ ವಿನ್ಯಾಸ ಕೊಟ್ಟ ಈ ಮಾನಕವು, ವ್ಯಂಜನ ಮತ್ತು ಸ್ವರಚಿಹ್ನೆಗಳು ಕೂಡಿ ಅಕ್ಷರವಾಗುವ ಕ್ರಮಕ್ಕೆ ಔಪಚಾರಿಕ ವ್ಯಾಕರಣವನ್ನೂ ಒದಗಿಸಿತ್ತು. 1991ರಲ್ಲಿಯೇ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡವಿತ್ತು. ಅದರ ಭಾರತೀಯ ಲಿಪಿಗಳ ವಿನ್ಯಾಸಕ್ಕೆ ಆಧಾರ ಇಸ್ಕಿಯ 1988ರ ರೂಪ. ಸಂಕೇತಬಿಂದುಗಳು ಜಗತ್ತಿಗೆ ಸಂದವು. ಅವು ಕೂಡಿ ಹೇಗೆ ಅಕ್ಷರವಾಗುತ್ತವೆಂಬ ತಿಳಿವಳಿಕೆಯಾದರೋ ಲಿಪಿವಿನ್ಯಾಸಕಾರರ ವಲಯದಲ್ಲಿಯೇ ಉಳಿಯಿತು. ನಮೂನೆ ಬರೆಯುವವರನ್ನು ತಲುಪಲಿಲ್ಲ.

5. ‘ಲೆಟರ್’ ಮತ್ತು ‘ಮಾರ್ಕ್’

ಯೂನಿಕೋಡ್ ಪ್ರತಿಯೊಂದು ಚಿಹ್ನೆಗೂ ಒಂದು ವರ್ಗ ನೀಡುತ್ತದೆ. ಕನ್ನಡದ ಸ್ವರಗಳೂ ವ್ಯಂಜನಗಳೂ ‘ಲೆಟರ್’ ವರ್ಗದವು. ಗುಣಿತದ ಸ್ವರಚಿಹ್ನೆಗಳು, ವಿರಾಮಚಿಹ್ನೆ, ಅನುಸ್ವಾರ, ವಿಸರ್ಗಗಳು ‘ಮಾರ್ಕ್’ ವರ್ಗದವು. ‘ಹೆಸರಿನಲ್ಲಿ ಯಾವ ಭಾಷೆಯ ಲೆಟರ್ ಆದರೂ ಇರಬಹುದು’ ಎಂಬ ಉದಾರ ನಿಯಮವನ್ನು ಬರೆದವರು ತಾವು ಎಲ್ಲರನ್ನೂ ಒಳಗೊಂಡೆವೆಂದು ಭಾವಿಸುತ್ತಾರೆ. ಆ ನಿಯಮ ‘ಕಮಲ’ವನ್ನು ಒಪ್ಪುತ್ತದೆ, ‘ಕಮಲಾ’ವನ್ನು ತಿರಸ್ಕರಿಸುತ್ತದೆ. ಸ್ವರಗಳು ಮತ್ತು ಅಕಾರಾಂತ ವ್ಯಂಜನಗಳಿಂದಲೇ ಆದ ಹೆಸರುಳ್ಳವರಿಗೆ ಮಾತ್ರ ಪ್ರವೇಶ.

ರೋಮನ್ನಿನ ‘ಎ ಯಿಂದ ಝಡ್’ ಎಂಬ ವ್ಯಾಪ್ತಿಯನ್ನು ಅನುಕರಿಸಿ ‘ಅ ಯಿಂದ ಹ’ ಎಂದು ಬರೆದರೂ ಫಲ ಇದೇ. ಸ್ವರಚಿಹ್ನೆಗಳು ಆ ವ್ಯಾಪ್ತಿಯ ಹೊರಗಿವೆ. ಹಳಗನ್ನಡದ ೞಕಾರವೂ ಹೊರಗಿದೆ. ಯೂನಿಕೋಡಿನಲ್ಲಿ ಅದಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದು, ಹೆಸರುಗಳನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದಾಗಿ ತಿದ್ದುಪಡಿ ಒಂದು ಪರ್ಯಾಯನಾಮವಾಗಿ ಮಾತ್ರ ಉಳಿದಿದೆ.

ಯೂನಿಕೋಡ್ ಸಂಸ್ಥೆಯ 18ನೆಯ ತಾಂತ್ರಿಕ ಮಾನಕವು ಪದದ ಚಿಹ್ನೆಗಳಲ್ಲಿ ‘ಮಾರ್ಕ್’ ವರ್ಗವನ್ನೂ ಸೇರಿಸಬೇಕೆಂದು ಹೇಳುತ್ತದೆ. ಆದರೆ ಜಾವಾಸ್ಕ್ರಿಪ್ಟಿನ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಲ್ಲಿ ಯೂನಿಕೋಡ್ ವರ್ಗಗಳನ್ನು ಹೆಸರಿಸುವ ಸೌಲಭ್ಯ ಬಂದದ್ದು 2018ರ ಆವೃತ್ತಿಯಲ್ಲಿ. ಕನ್ನಡಕ್ಕೆ ಸಂಕೇತ ದೊರೆತದ್ದಕ್ಕೂ ಅದನ್ನು ಜಾಲನಮೂನೆಯ ನಿಯಮದಲ್ಲಿ ಹೆಸರಿಸಲು ಸಾಧ್ಯವಾದದ್ದಕ್ಕೂ ನಡುವೆ 27 ವರ್ಷಗಳ ಅಂತರವಿದೆ.

6. ಕಾಣದ ಚಿಹ್ನೆಗಳು

‘ಮಾರ್ಕ್’ ವರ್ಗವನ್ನು ಸೇರಿಸಿದ ಮೇಲೂ ‘ರಾಜ್‌ಕುಮಾರ್’ ಹೊರಗುಳಿಯಬಹುದು. ಜಕಾರದ ಅಡಿಯಲ್ಲಿ ಕಕಾರದ ಒತ್ತು ಬರದಂತೆ ತಡೆಯಲು ಅಲ್ಲಿ ಶೂನ್ಯಾಗಲದ ಅಸಂಯೋಜಕ ಚಿಹ್ನೆಯಿದೆ. ಅದು ಲೆಟರೂ ಅಲ್ಲ, ಮಾರ್ಕೂ ಅಲ್ಲ, ವಿನ್ಯಾಸಸೂಚಕ. ಕಾಣದ ಚಿಹ್ನೆಗಳನ್ನು ವಂಚನೆಯ ಸಾಧನವೆಂದು ಅಳಿಸಿಹಾಕುವ ನಮೂನೆಯಲ್ಲಿ ಇದೇ ಹೆಸರು ‘ರಾಜ್ಕುಮಾರ್’ ಎಂದು ದಾಖಲಾಗುತ್ತದೆ. ತಿರಸ್ಕಾರ ಬರೆದವರ ಗಮನಕ್ಕಾದರೂ ಬರುತ್ತದೆ. ಮೌನವಾದ ತಿದ್ದುಪಡಿ ಬರುವುದಿಲ್ಲ.

ರಕಾರದ ಸಂಗತಿ ಇನ್ನೂ ಸೂಕ್ಷ್ಮ. ಒಂದೇ ಪದವನ್ನು ‘ಸೂರ್ಯ’ ಎಂದು ಅರ್ಕಾವೊತ್ತಿನಿಂದಲೂ ‘ಸೂರ‍್ಯ’ ಎಂದು ಯಕಾರದ ಒತ್ತಿನಿಂದಲೂ ಬರೆಯುವ ರೂಢಿ ಮುದ್ರಣದಲ್ಲಿದೆ. ‘ರ‍್ಯಾಲಿ’ಯಂತಹ ಎರವಲು ಪದಗಳ ಆದಿಯಲ್ಲಿ ಎರಡನೆಯ ರೂಪವೇ ಬಹುಮಂದಿಗೆ ಸಹಜ. ಈ ರೂಪಕ್ಕಾಗಿ ಕನ್ನಡದಲ್ಲಿ ಸಂಯೋಜಕ ಚಿಹ್ನೆಯನ್ನು ರಕಾರ ಮತ್ತು ವಿರಾಮಗಳ ನಡುವೆ ಇಡುತ್ತೇವೆ. ಅಂತರಜಾಲದ ಕ್ಷೇತ್ರನಾಮಗಳಿಗೆ 2010ರಲ್ಲಿ ರೂಪಿಸಿದ ಆರ್‌ಎಫ್‌ಸಿ 5892ರ ನಿಯಮವಾದರೋ ಸಂಯೋಜಕವನ್ನು ವಿರಾಮದ ನಂತರ ಮಾತ್ರ ಒಪ್ಪುತ್ತದೆ. ಹೀಗಾಗಿ ‘ಸೂರ್ಯ’ ಸಿಂಧು, ‘ಸೂರ‍್ಯ’ ಅಸಿಂಧು. ವಿರಾಮವೆಂಬ ಭಾರತೀಯ ಲಿಪಿಗಳ ವಿಶೇಷವನ್ನು ಬಲ್ಲ ನಿಯಮವೂ ಕನ್ನಡದ ಒಂದು ರೂಢಿಯನ್ನು ಕಾಣದೆ ಹೋಗಿದೆ. ಲಿಪಿಗಳ ಸಾಮಾನ್ಯಜ್ಞಾನವು ಒಂದು ಲಿಪಿಯ ಜ್ಞಾನಕ್ಕೆ ಬದಲಿಯಾಗಲಾರದೆಂಬುದಕ್ಕೆ ಇದು ಸಾಕ್ಷಿ.

7. ಎಣಿಕೆಯ ಪ್ರಶ್ನೆ

ಎಚ್‌ಟಿಎಂಎಲ್ 2.0ರಲ್ಲಿಯೇ ಕೋಶವೊಂದರ ಗರಿಷ್ಠ ಉದ್ದವನ್ನು ನಿಗದಿಪಡಿಸುವ ಅವಕಾಶವಿತ್ತು. ಉದ್ದವನ್ನು ಯಾವ ಘಟಕದಲ್ಲಿ ಅಳೆಯಬೇಕು? ‘ಲಕ್ಷ್ಮೀ’ ಎಂಬ ಹೆಸರಿನಲ್ಲಿ ಕನ್ನಡ ಕಲಿತ ಮಗು 2 ಅಕ್ಷರ ಎಣಿಸುತ್ತದೆ. ಸಂಕೇತಬಿಂದುಗಳು 7. ಯುಟಿಎಫ್-8ರಲ್ಲಿ ಬೈಟುಗಳು 21. ಬಳಕೆದಾರರು ಒಂದೆಂದು ಗ್ರಹಿಸುವ ಘಟಕವನ್ನು ಗುರುತಿಸಲು ಯೂನಿಕೋಡ್ ರೂಪಿಸಿದ ‘ಗ್ರಾಫೀಮ್ ಕ್ಲಸ್ಟರ್’ ಸೂತ್ರದ ಪ್ರಕಾರ 4. ಸಂಯುಕ್ತಾಕ್ಷರವನ್ನು ಒಡೆಯದಂತೆ ಆ ಸೂತ್ರವನ್ನು 2023ರ 15.1ನೆಯ ಆವೃತ್ತಿಯಲ್ಲಿ ತಿದ್ದಿದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿ ಸೇರಿದವು, ಕನ್ನಡ ಸೇರಲಿಲ್ಲ. ಒತ್ತಕ್ಷರದ ರಚನೆಯಲ್ಲಿ ತೆಲುಗಿಗೂ ಕನ್ನಡಕ್ಕೂ ಇರುವ ಸಾಮ್ಯವನ್ನು ಬಲ್ಲವರಿಗೆ ಈ ಭೇದವನ್ನು ಲಿಪಿಯ ಸ್ವಭಾವದಿಂದ ವಿವರಿಸುವುದು ಕಷ್ಟ.

8. ಹೆಸರಿನ ರಚನೆ

ಚಿಹ್ನೆಗಳಾಚೆಗೆ ಹೆಸರಿನ ಅಂಗರಚನೆಯ ಪ್ರಶ್ನೆಯಿದೆ. ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಎರಡು ಕಡ್ಡಾಯ ಕೋಶಗಳು ಸ್ವನಾಮ ಮತ್ತು ಕುಲನಾಮಗಳ ಅನುಕ್ರಮವನ್ನು ಊಹಿಸಿಕೊಂಡಿವೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಸ್ವನಾಮ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬುದರಲ್ಲಿ ಮೊದಲನೆಯದು ಸ್ವನಾಮ, ಕೊನೆಯದು ಮನೆತನದ್ದು. ಒಂದೇ ಭಾಷೆಯ ಇಬ್ಬರು ಮಹಾಕವಿಗಳ ಹೆಸರುಗಳು ಒಂದೇ ನಮೂನೆಯಲ್ಲಿ ವಿರುದ್ಧ ಅರ್ಥಗಳನ್ನು ಪಡೆಯುತ್ತವೆ. ‘ಕೆ.ವಿ.’ ಎಂದು ಇನಿಷಿಯಲ್ ಬರೆದರೆ ಚುಕ್ಕಿ ಅಮಾನ್ಯ. ಒಂದೇ ಹೆಸರುಳ್ಳವರಿಗೆ ಎರಡನೆಯ ಕೋಶ ದಾಟಲಾಗದ ತಡೆ. ದಾಟಲು ಅವರು ಬರೆದ ಏನೋ ಒಂದು, ಮುಂದಿನ ದಾಖಲೆಗಳಲ್ಲಿ ಅವರ ಹೆಸರಾಗಿ ನಿಲ್ಲುತ್ತದೆ.

9. ಸಡಿಲಿಕೆಯ ಮಿತಿ

ಹಾಗಾದರೆ ಪರಿಶೀಲನೆಯನ್ನೇ ಕೈಬಿಡಬಹುದೇ? ಕನ್ನಡದ ಅನುಭವ ಅದನ್ನು ಸಮರ್ಥಿಸುವುದಿಲ್ಲ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿ ‘ಬೆ೦ಗಳೂರು’ ಎಂದು ಬರೆದರೆ ಕಣ್ಣಿಗೆ ವ್ಯತ್ಯಾಸ ಕಾಣದು. ‘ಬೆಂಗಳೂರು’ ಎಂದು ಹುಡುಕಿದಾಗ ದಾಖಲೆ ಸಿಗದು. ‘ಕೋ’ ಎಂಬಲ್ಲಿನ ಓಕಾರಕ್ಕೆ ಒಂದೇ ಸಂಕೇತಬಿಂದುವನ್ನೂ ಬಳಸಬಹುದು. ಎಕಾರ, ಊಕಾರಗಳ ಚಿಹ್ನೆ ಮತ್ತು ದೀರ್ಘಸೂಚಕ ಎಂಬ ಮೂರನ್ನೂ ಜೋಡಿಸಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಸಾರುತ್ತದೆ. ಸಮೀಕರಿಸದೆ ಹೋಲಿಸಿದ ಯಂತ್ರಕ್ಕೆ ಅವು ಬೇರೆ ಬೇರೆ ಹೆಸರುಗಳು. ಎಲ್ಲವನ್ನೂ ಒಪ್ಪುವ ನಮೂನೆ ಕನ್ನಡಿಗರನ್ನು ಒಳಗೆ ಬಿಟ್ಟು ಅನಂತರ ಕಳೆದುಹಾಕುತ್ತದೆ.

10. ಉಪಸಂಹಾರ

ಈ ಚರಿತ್ರೆಯಲ್ಲಿ ಮೂರು ಪ್ರಶ್ನೆಗಳು ಒಂದಾಗಿ ಬೆರೆತಿವೆ. ನಮೂದು ಅಪಾಯಕಾರಿಯೇ? ಅದು ಲಿಪಿಯ ರಚನೆಗೆ ಸಲ್ಲುತ್ತದೆಯೇ? ಅದು ನಿಯಮ ಬರೆದವರಿಗೆ ಪರಿಚಿತವೇ? ಮೊದಲನೆಯದಕ್ಕೆ ಉತ್ತರವನ್ನು ದತ್ತವು ಆಜ್ಞೆಯಾಗದಂತೆ ನೋಡಿಕೊಳ್ಳುವ ಹಂತದಲ್ಲಿ, ಅಂದರೆ ದತ್ತಸಂಚಯಕ್ಕೆ ಕೊಡುವಾಗ ಮತ್ತು ಪುಟದಲ್ಲಿ ತೋರಿಸುವಾಗ, ಕಂಡುಕೊಳ್ಳಬೇಕು. ಅದಕ್ಕಾಗಿ ಹೆಸರನ್ನು ಕತ್ತರಿಸಬೇಕಾಗಿಲ್ಲ. ಮೂರನೆಯದನ್ನು ಕೇಳಲೇಬಾರದು. ಎರಡನೆಯದು ನಮ್ಮದು.

13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಕ್ಷರಗಳ ವಿಚಾರವನ್ನು ಮೊದಲಿಗೇ ಎತ್ತಿಕೊಂಡು, ಸಂಸ್ಕೃತ ವರ್ಣಮಾಲೆಯಲ್ಲಿ ಅಚ್ಚಗನ್ನಡಕ್ಕೆ ಸಲ್ಲದವನ್ನು ಬೇರ್ಪಡಿಸಿ ದೇಶೀಯವಾದವನ್ನು ಸೇರಿಸಿದ. ಯಾವ ಅಕ್ಷರ ಸಲ್ಲುತ್ತದೆಂಬ ನಿರ್ಣಯ ಅಂದು ವೈಯಾಕರಣನ ಕೆಲಸವಾಗಿತ್ತು. ಇಂದು ಆ ನಿರ್ಣಯ ನಮ್ಮ ಅರಿವಿಗೆ ಬಾರದೆ ಒಂದು ಸಾಲಿನ ಸೂತ್ರವಾಗಿ ನಡೆಯುತ್ತಿದೆ. ಕನ್ನಡ ಅಕ್ಷರದ ರಚನೆ, ಸಂಯೋಜಕ ಚಿಹ್ನೆಗಳ ಉಚಿತ ಸ್ಥಾನ, ಎರವಲು ಪದಗಳ ಆದಿಸಂಯುಕ್ತಗಳು, ವಿವಿಧ ಪ್ರದೇಶಗಳ ನಾಮರಚನೆ ಇವುಗಳ ಸಮಗ್ರ ವರ್ಣನೆಯೊಂದನ್ನು ಯಂತ್ರ ಓದಬಲ್ಲ ರೂಪದಲ್ಲಿ ಒದಗಿಸುವುದು ಭಾಷಾವಿಜ್ಞಾನಿಗಳಿಂದ ಆಗಬೇಕಾದ ಕಾರ್ಯ. ಅದಕ್ಕೆ ಬೇಕಾದ ಸಾಧನ 1956ರಿಂದ ನಮ್ಮ ಶಾಸ್ತ್ರದ ಅಂಗಳದಲ್ಲಿಯೇ ಇದೆ.