ಅರಿಸಿನದ ಪೇಟೆಂಟೂ ಪೂರ್ವಲೇಖನದ ಪ್ರಮಾಣವೂ

ಸಂತೇಬೆನ್ನೂರಿನಂಥ ಊರುಗಳಲ್ಲಿ ಗಾಯಕ್ಕೆ ಅರಿಸಿನ ಮೆತ್ತುವುದು ಅನೂಚಾನವಾಗಿ ನಡೆದುಬಂದ ರೂಢಿ. ಆದರೂ ಗಾಯ ಮಾಯಿಸಲು ಅರಿಸಿನವನ್ನು ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರವು 1995ರಲ್ಲಿ ಪೇಟೆಂಟ್ ಪಡೆಯಿತು. ಅದನ್ನು ಅಲ್ಲಗಳೆಯಲು ಪರದೇಶದ ಬಳಕೆಯೊಂದೇ ಅಂದಿನ ಅಮೆರಿಕದ ಕಾನೂನಿಗೆ ಸಾಲದು. ಅಚ್ಚಾದ ಬರಹವೋ ಹಿಂದಿನ ಪೇಟೆಂಟೋ ಬೇಕಿತ್ತು. 1996ರಲ್ಲಿ ಆಕ್ಷೇಪವೆತ್ತಿದ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಸಂಸ್ಕೃತ ಗ್ರಂಥಗಳೊಡನೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಲೇಖನವನ್ನೂ ಮುಂದಿಟ್ಟಿತು. ಹೊಸತನವಿಲ್ಲವೆಂದು 1997ರಲ್ಲಿ ಪೇಟೆಂಟ್ ರದ್ದಾಯಿತು.

ರೂಢಿ ಎಷ್ಟೇ ಪ್ರಾಚೀನವಾಗಿರಲಿ, ಅದನ್ನು ಕಾಪಾಡಿದ್ದು ಅಚ್ಚಿನ ಅಕ್ಷರ. ಇನ್ನೂ ಬರಹಕ್ಕೇರದ ಹಳ್ಳಿಯ ಮದ್ದುಗಳನ್ನು ಸ್ಥಳಕಾಲಗಳ ಸಹಿತ ದಾಖಲಿಸಿ ಪ್ರಕಟಿಸುವುದು ಇತಿಹಾಸದ ಅಭ್ಯಾಸಿಗಳ ಕರ್ತವ್ಯವೂ ಹೌದೆಂದು ನಾವು ಭಾವಿಸುತ್ತೇವೆ.