ಬಾಗಿದ ಕೊಳವೆ, ನೀರಿನ ಬೀಗ
1898ರ ಪ್ಲೇಗಿನ ಬಳಿಕ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿದ್ದವು. ಕಕ್ಕಸು ಹಿತ್ತಲಲ್ಲಿ, ಮಲ ಹೊರುವವರು ಆ ಗಲ್ಲಿಯಿಂದಲೇ ಬಂದು ಹೋಗಬೇಕಿತ್ತು. ದುರ್ವಾಸನೆಯ ಜೊತೆಗೆ ಮನುಷ್ಯರನ್ನೂ ದೂರವಿಟ್ಟ ವ್ಯವಸ್ಥೆಯದು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು.

ಕಕ್ಕಸು ಮನೆಯೊಳಗೆ ಬಂದದ್ದು ಬಾಗಿದ ಕೊಳವೆಯ ದೆಸೆಯಿಂದ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ 1775ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬಾಗಿನಲ್ಲಿ ನಿಲ್ಲುವ ನೀರು, ಸಾಮಾನ್ಯವಾಗಿ ಎರಡು ಅಂಗುಲ, ಚರಂಡಿಯ ಗಾಳಿ ಒಳನುಗ್ಗದಂತೆ ತಡೆಯುತ್ತದೆ. ಬಳಸದೆ ಬಿಟ್ಟರೆ ಆ ನೀರು ಆರುತ್ತದೆ. ಶಿಗ್ಲಿಯಂಥ ಬಯಲುಸೀಮೆಯ ಊರುಗಳ ಬೇಸಿಗೆಯಲ್ಲಂತೂ ಬೇಗನೆ. ಆಗ ಒಂದೆರಡು ಚೊಂಬು ನೀರು ಸುರಿದರೆ ಸಾಕು. ಕಕ್ಕಸನ್ನೇ ಕಿತ್ತುಹಾಕಿದ್ದರೆ ಬಟ್ಟೆ ತುರುಕುವುದು ಸಾಲದು, ಕೊಳವೆಯ ಬಾಯಿಗೆ ಗಾಳಿಯಾಡದ ಮುಚ್ಚಳ ಬಿಗಿಯಬೇಕು. ಗುಂಡಿಯ ಗಾಳಿಕೊಳವೆಯನ್ನು ಮಾತ್ರ ಮುಚ್ಚಬಾರದು.

ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗೇ ಮರಗಟ್ಟುತ್ತದೆ. ವಾಸನೆಯಿಲ್ಲವೆಂದು ಗುಂಡಿಗಿಳಿದ ಎಷ್ಟೋ ಮಂದಿ ಮೇಲೆ ಬಂದಿಲ್ಲ. ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಅಲ್ಲಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಇಳಿಸುವವರು ಈಗಲೂ ಇದ್ದಾರೆ.