ಸೈಕಲ್ ಮೇಲೆ ಬಿದನೂರಿಗೆ

ಇತಿಹಾಸದ ಪುಸ್ತಕಗಳಲ್ಲಿ ‘ದುರ್ಗಮ’ ಎಂಬ ಪದ ಪುಟಕ್ಕೊಂದು ಸಿಗುತ್ತದೆ. ದುರ್ಗಮವಾದ ಕಾಡು, ದುರ್ಗಮವಾದ ಕೋಟೆ, ದುರ್ಗಮವಾದ ಕಣಿವೆ. ಶಾಲೆಯಲ್ಲಿ ನಾವೆಲ್ಲ ಅದನ್ನು ಬಾಯಿಪಾಠ ಮಾಡಿ ಬರೆದು ನಂಬರು ಗಿಟ್ಟಿಸಿದವರೇ. ಆ ಪದದ ಅರ್ಥ ನನಗೆ ತಿಳಿದದ್ದು ಮಾತ್ರ ಐವತ್ತೆರಡನೆಯ ವಯಸ್ಸಿನಲ್ಲಿ, ತೀರ್ಥಹಳ್ಳಿಯಿಂದ ಕವಲೇದುರ್ಗದ ಕಡೆಗೆ ಹೋಗುವ ಏರುದಾರಿಯಲ್ಲಿ, ಸೈಕಲ್ಲಿನ ಮೇಲೆ.

ಸೈಕಲ್ಲೆಂದರೆ ನಮ್ಮ ಕಾಲದ ಕರಿ ಅಟ್ಲಾಸ್ ಅಲ್ಲ. ದಪ್ಪ ಟೈರಿನ, ಮುಂದೆ ಸ್ಪ್ರಿಂಗು ಇರುವ, ಮೌಂಟನ್ ಬೈಕ್ ಎಂದು ಕರೆಯುವ ಗೇರಿನ ಸೈಕಲ್ಲು. ಅಣ್ಣನ ಮಗಳು ಬೆಂಗಳೂರಿನಿಂದ ಎರಡು ತಂದಿದ್ದಳು. ಒಂದು ಅವಳಿಗೆ, ಇನ್ನೊಂದು ಅವಳ ಗೆಳತಿಗೆ. ಗೆಳತಿಗೆ ರಜೆ ಸಿಗಲಿಲ್ಲ. ‘ಅತ್ತೆ, ನೀನೇ ಬಾ’ ಎಂದಳು. ಚೂಡಿದಾರ ಹಾಕಿಕೊಂಡು ಹೊರಟೆ. ಹೀಗೆ ಹೊರಟವಳನ್ನು ಮನೆಯವರು ಬಾಗಿಲಲ್ಲಿ ನಿಂತು ನೋಡಿದ ನೋಟವನ್ನು ನೀವೇ ಊಹಿಸಿಕೊಳ್ಳಿ. ಗೇರಿನ ಗುಟ್ಟು ಬಹಳ ಸರಳ. ಮುಂದಿನ ಹಲ್ಲಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಎಂದು ಜೋಡಿಸಿಕೊಂಡರೆ ಕಾಲು ಬಹಳ ಸುತ್ತು ತಿರುಗುತ್ತದೆ, ಗಾಲಿ ಸ್ವಲ್ಪವೇ ತಿರುಗುತ್ತದೆ. ಆದರೆ ಭಾರ ಹಗುರವಾಗುತ್ತದೆ. ಒಂದೇ ಸಲ ಹತ್ತು ಸೇರು ರುಬ್ಬದೆ ಹಿಡಿ ಹಿಡಿಯಾಗಿ ಹಾಕಿ ರುಬ್ಬುತ್ತೇವಲ್ಲ, ಹಾಗೆ. ನಡೆಯುವವರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಒಬ್ಬಾಕೆ ಅಡಿಕೆ ಹಾಳೆ ಹೊತ್ತುಕೊಂಡು ಪಕ್ಕದಲ್ಲೇ ನಡೆಯುತ್ತಾ, ‘ಬಸ್ಸು ತಪ್ಪಿತಾ?’ ಎಂದು ಕನಿಕರದಿಂದ ಕೇಳಿದಳು.

ನಾವು ಹೋದ ದಾರಿ ಕೆಳದಿ ಅರಸರ ಚರಿತ್ರೆಯನ್ನು ಹಿಂದುಮುಂದಾಗಿ ಓದಿದ ಹಾಗೆ. 1499ರಲ್ಲಿ ಕೆಳದಿಯಲ್ಲಿ ಶುರುವಾದ ಈ ಮನೆತನ ಆಮೇಲೆ ಇಕ್ಕೇರಿಗೆ ಬಂತು. 1637ರ ಸುಮಾರಿಗೆ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಲೂಟಿ ಮಾಡಿದ ಮೇಲೆ ಇನ್ನೂ ಒಳಗೆ, ಬೆಟ್ಟಗಳ ಮಧ್ಯದ ಬಿದನೂರಿಗೆ ರಾಜಧಾನಿ ಸರಿಯಿತು. ಅದೇ ಈಗಿನ ನಗರ. ಬಿದಿರ ಮೆಳೆಗಳ ಊರಾದ್ದರಿಂದ ಬಿದನೂರು. ಪೆಟ್ಟು ತಿಂದವರು ಒಳಮನೆಗೆ ಸರಿದು ಅಗುಳಿ ಹಾಕಿಕೊಳ್ಳುತ್ತಾರಲ್ಲ, ಅದೇ ಕ್ರಮ. ನಾವಾದರೋ ಒಳಮನೆಯಿಂದ ಜಗುಲಿಯ ಕಡೆಗೆ ಹೊರಟಿದ್ದೆವು: ಕವಲೇದುರ್ಗ, ನಗರ, ಹೊಸನಗರ, ಸಾಗರ, ಆಮೇಲೆ ಕೆಳದಿ, ಇಕ್ಕೇರಿ. ಡಿಸೆಂಬರ್ ತಿಂಗಳು, ಇಂಬಳದ ಕಾಟವಿಲ್ಲ. ಮಳೆಗಾಲದಲ್ಲಾದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಕವಲೇದುರ್ಗದ ಬುಡದಲ್ಲಿ ಒಂದು ಮನೆಯ ಕೊಟ್ಟಿಗೆಯಲ್ಲಿ ಸೈಕಲ್ ಒರಗಿಸಿ, ಗದ್ದೆಯ ಅಂಚಿನಲ್ಲಿ ನಡೆದು, ಕಲ್ಲು ಹಾಸಿದ ದಾರಿ ಹತ್ತಿದೆವು. ಒಂದು ಸುತ್ತು ಗೋಡೆ ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ದೇವಸ್ಥಾನಗಳನ್ನೂ ಕೊಳವನ್ನೂ ನೋಡಿದ್ದಾಯಿತು. ಆದರೆ ನನ್ನ ಕಾಲು ಕಿತ್ತು ಬರದೆ ಹೋದದ್ದು ಅರಮನೆಯ ಅಡಿಪಾಯದ ಹತ್ತಿರ. ಅಲ್ಲಿ ಒಂದು ಅಡಿಗೆಮನೆ ಇದೆ. ಗೋಡೆ ಇಲ್ಲ, ಸೂರು ಇಲ್ಲ. ಐದು ಬಾಯಿಯ ಕಲ್ಲಿನ ಒಲೆ ಮಾತ್ರ ಇದೆ. ಪಕ್ಕದಲ್ಲೇ ನೀರು ಹರಿದುಹೋಗುವ ಕಾಲುವೆ ಬಿಟ್ಟ ಬಚ್ಚಲು. ದರ್ಬಾರಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಪುಸ್ತಕಗಳಲ್ಲಿ ಓದಬಹುದು. ಈ ಐದು ಬಾಯಿಗೆ ಸೌದೆ ತುರುಕಿದವರು ಯಾರು? ಅಷ್ಟು ಎತ್ತರಕ್ಕೆ ಅಕ್ಕಿ, ಎಣ್ಣೆ ಹೊತ್ತವರು ಯಾರು? ಬರಿಗೈಯಲ್ಲಿ ಹತ್ತಿಯೇ ನನಗೆ ಏದುಸಿರು ಬಂದಿತ್ತು.

ಅಲ್ಲಿಂದ ನಗರಕ್ಕೆ ಹೋಗುವ ದಾರಿ ಒಂದೇ ಸಮನೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹತ್ತಿ ಉಸಿರು ಬಿಡುವಷ್ಟರಲ್ಲಿ ಇಳಿಜಾರು, ಇಳಿದು ಖುಷಿಪಡುವಷ್ಟರಲ್ಲಿ ಮತ್ತೆ ಏರು. ಬ್ರೇಕು ಹಿಡಿದೂ ಹಿಡಿದೂ ಬೆರಳು ಸೆಟೆದುಕೊಂಡವು. ಬಸ್ಸಿನಲ್ಲಿ ಹತ್ತಾರು ಸಲ ಇದೇ ದಾರಿಯಲ್ಲಿ ನಿದ್ದೆ ಮಾಡಿಕೊಂಡು ಹೋಗಿದ್ದೇನೆ. ಆಗ ಇದು ರಸ್ತೆಯಾಗಿತ್ತು, ಈಗ ಕೋಟೆಯ ಗೋಡೆಯಾಯಿತು. ಬಿದನೂರಿಗೆ ನಿಜವಾದ ಗೋಡೆ ಕಲ್ಲಿನದಲ್ಲ, ಈ ಏರಿಳಿತದ್ದೇ.

ಈ ಗೋಡೆಯನ್ನು ನಂಬಿ ರಾಜ್ಯ ನಡೆಸಿದವಳು ಕೆಳದಿಯ ಚೆನ್ನಮ್ಮ. ಕಿತ್ತೂರಿನ ಚೆನ್ನಮ್ಮನಲ್ಲ, ಅವಳಿಗಿಂತ ನೂರೈವತ್ತು ವರ್ಷ ಹಿಂದಿನವಳು. ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳು, ಸೋಮಶೇಖರ ನಾಯಕನ ಹೆಂಡತಿ. ಗಂಡ ಒಬ್ಬ ನರ್ತಕಿಯ ಮೋಹಕ್ಕೆ ಬಿದ್ದು, ರೋಗಿಯಾಗಿ, ಕೊನೆಗೆ ಕೊಲೆಯಾದ. ಮಕ್ಕಳಿರಲಿಲ್ಲ. 1671ರಿಂದ ಸುಮಾರು ಇಪ್ಪತ್ತೈದು ವರ್ಷ ಈಕೆ ಆಳಿದಳು. ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡು ಬೆಳೆಸಿದಳು. ಮುಂದೆ ‘ಶಿವತತ್ತ್ವರತ್ನಾಕರ’ ಎಂಬ ದೊಡ್ಡ ಸಂಸ್ಕೃತ ವಿಶ್ವಕೋಶ ಬರೆದವನು ಇವನೇ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಓಡುವಾಗ ಅವನಿಗೆ ಆಸರೆ ಕೊಟ್ಟು ದಾಟಿಸಿದಳು. ಮೊಗಲ ಸೈನ್ಯ ಇವಳ ಮೇಲೆ ಬಂತು. ಬಿದನೂರು ಅವರ ಕೈಗೆ ಸಿಗಲಿಲ್ಲ. ಅಂತೂ ಒಪ್ಪಂದದಲ್ಲಿ ಮುಗಿಯಿತು. ಇವಳ ಮೇಲೆ ನಾಟಕಗಳಿವೆ, ಪಾಠಗಳಿವೆ. ಇರಬೇಕಾದ್ದೇ.

ನಾನು ನಗರದ ಕೋಟೆಯೊಳಗೆ ಅಕ್ಕ-ತಂಗಿ ಕೊಳದ ಮೆಟ್ಟಿಲ ಮೇಲೆ ಕೂತು ಯೋಚಿಸಿದ್ದು ಇನ್ನೊಬ್ಬಳ ಬಗ್ಗೆ, ವೀರಮ್ಮಾಜಿಯ ಬಗ್ಗೆ. ಚೆನ್ನಮ್ಮ ತೀರಿಕೊಂಡು ಅರವತ್ತು ವರ್ಷ ಆಗುವಷ್ಟರಲ್ಲಿ ಇದೇ ಸಿಂಹಾಸನದಲ್ಲಿ ಕೂತವಳು. ಕತೆ ಹೆಚ್ಚುಕಡಿಮೆ ಒಂದೇ. ಗಂಡ ಸತ್ತ, ಮಕ್ಕಳಿಲ್ಲ, ದತ್ತು ಪುತ್ರನನ್ನು ಮುಂದಿಟ್ಟುಕೊಂಡು ಹೆಂಗಸು ಆಳುತ್ತಾಳೆ. ಆದರೆ ಈಕೆ ಸೋತಳು. 1763ರಲ್ಲಿ ಹೈದರ್ ಆಲಿ ಬಂದ. ಅಷ್ಟಾದ ಮೇಲೆ ಬರೆದವರಿಗೆಲ್ಲ ಆಕೆಯ ನಡತೆಯೇ ದೊಡ್ಡ ವಿಷಯ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್‌ನೂ ಅದನ್ನು ಬಿಡಲಿಲ್ಲ: ರಾಣಿಗೆ ಒಬ್ಬನ ಜೊತೆ ಸಂಬಂಧವಿತ್ತಂತೆ, ಅದನ್ನು ಆಕ್ಷೇಪಿಸಿದ ಮೊದಲ ದತ್ತುಮಗನನ್ನು ಕೊಲ್ಲಿಸಿದಳಂತೆ. ಇರಬಹುದು, ಇಲ್ಲದೆಯೂ ಇರಬಹುದು. ಹೈದರನೇನೋ ಸತ್ತನೆಂದು ಹೇಳಲಾದ ಆ ಹುಡುಗ ತಾನೇ ಎಂದು ಹೇಳಿಕೊಳ್ಳುವವನೊಬ್ಬನನ್ನು ಜೊತೆಯಲ್ಲಿ ಇಟ್ಟುಕೊಂಡೇ ಬಂದಿದ್ದ. ಆ ಮಾತು ನಂಬಿದರೂ ಕಷ್ಟ, ಬಿಟ್ಟರೂ ಕಷ್ಟ. ಒಂದಂತೂ ಸರಿ. ನರ್ತಕಿಯ ಹಿಂದೆ ಹೋದ ಸೋಮಶೇಖರ ನಾಯಕನ ಕತೆಯನ್ನು ‘ಪಾಪ, ದಾರಿ ತಪ್ಪಿದ’ ಎಂದು ಎರಡು ಸಾಲಿನಲ್ಲಿ ಮುಗಿಸುವವರು, ವೀರಮ್ಮನಿಗೆ ಬಂದಾಗ ರಾಜ್ಯ ಹೋದದ್ದೇ ಅದರಿಂದ ಎನ್ನುತ್ತಾರೆ.

ರಾಜ್ಯ ಹೋದದ್ದು ದಾರಿಯಿಂದ. ವಿಲ್ಕ್ಸ್‌ನ ಪುಸ್ತಕದಲ್ಲೇ ಅದೂ ಇದೆ. ಹೈದರನ ಸೈನ್ಯ ಶಿವಮೊಗ್ಗದ ಕಡೆಯಿಂದ ಕುಂಸಿಗೆ ಬಂದಾಗ ಅಲ್ಲಿನ ಸೆರೆಯಲ್ಲಿ ರಾಣಿಯ ಹಳೆಯ ಮಂತ್ರಿ ಲಿಂಗಣ್ಣ ಸಿಕ್ಕಿದ. ಬಿದನೂರಿನ ಒಳಗೆ ಹೋಗುವ ಗುಟ್ಟಿನ ಕಾಲುದಾರಿ ಅವನಿಗೆ ಗೊತ್ತಿತ್ತು. ಮುಂಬಾಗಿಲಲ್ಲಿ ಗದ್ದಲ ಎಬ್ಬಿಸಿ, ಹೈದರ್ ಆ ದಾರಿಯಲ್ಲಿ ನುಗ್ಗಿದ. ನಾವು ಎರಡು ದಿನ ಮೊಣಕಾಲಿನಲ್ಲಿ ಅಳೆದ ಗೋಡೆಗೆ ಹೀಗೊಂದು ಹಿತ್ತಲ ಬಾಗಿಲಿತ್ತು. ಅದರ ಬೀಗದಕೈ ಮನೆಯವನ ಹತ್ತಿರವೇ ಇತ್ತು. ರಾಣಿ ಅರಮನೆಗೆ ಬೆಂಕಿ ಇಡಲು ಹೇಳಿ ಬಲ್ಲಾಳರಾಯನ ದುರ್ಗಕ್ಕೆ ಓಡಿದಳು, ಅಲ್ಲಿ ಸಿಕ್ಕಿಬಿದ್ದಳು. ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರದಲ್ಲಿ ನೂರಾರು ವರ್ಷ ಕೂಡಿಟ್ಟದ್ದು ಹೈದರನ ಪಾಲಾಯಿತು. ತನ್ನ ಏಳಿಗೆಗೆ ಬುನಾದಿ ಬಿದ್ದದ್ದು ಇಲ್ಲಿಯೇ ಎಂದು ಅವನು ಹೇಳುತ್ತಿದ್ದನಂತೆ. ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟ. ‘ಹೈದರ್’ ಉದುರಿಹೋಗಿ ‘ನಗರ’ ಉಳಿಯಿತು. ವೀರಮ್ಮಾಜಿಯನ್ನು ಮಧುಗಿರಿಯ ಬೆಟ್ಟದಲ್ಲಿ ಸೆರೆಯಿಟ್ಟರು. 1767ರಲ್ಲಿ ಮರಾಠರು ಬಿಡಿಸಿದರು. ಪುಣೆಗೆ ಕರೆದೊಯ್ಯುವ ದಾರಿಯಲ್ಲೇ ಆಕೆ ತೀರಿಕೊಂಡಳು.

ಕೊಳದ ನೀರು ತಣ್ಣಗಿತ್ತು. ಸೊಸೆ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದಳು. ‘ಲಿಂಗಣ್ಣನನ್ನು ಯಾಕೆ ಸೆರೆಗೆ ಹಾಕಿದ್ದರು?’ ಎಂದು ಕೇಳಿದಳು. ಇದು ಸರಿಯಾದ ಪ್ರಶ್ನೆ. ಇದನ್ನು ಕೇಳಿದ್ದರೆ ಪಾಠಪುಸ್ತಕ ಬೇರೆಯಾಗಿರುತ್ತಿತ್ತು.

ಹೊಸನಗರದಿಂದ ಸಾಗರದ ದಾರಿ ಮೊದಲಿನಷ್ಟು ಕಷ್ಟದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಈ ಸೀಮೆಯ ಊರೂರುಗಳನ್ನೇ ನುಂಗಿತು. ಅದು ಬೇರೆಯೇ ಕತೆ. ಮನೆ ಕಳೆದುಕೊಂಡವರು ಹೇಳಬೇಕಾದ್ದು. ದಾರಿಯಲ್ಲಿ ಶಾಲೆಯ ಹುಡುಗಿಯರು ನಮ್ಮ ಗೇರನ್ನು ಮುಟ್ಟಿ ಮುಟ್ಟಿ ನೋಡಿದರು. 2006ರಿಂದ ಕೆಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತ್ತಲ್ಲ, ಒಬ್ಬಳ ಹತ್ತಿರ ಅಕ್ಕನ ಆ ಸೈಕಲ್ಲು ಇನ್ನೂ ಇತ್ತು. ಗೇರಿಲ್ಲ. ‘ಏರಿನಲ್ಲಿ ಏನು ಮಾಡ್ತೀಯ?’ ಎಂದೆ. ‘ತಳ್ತೀನಿ’ ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಕೆಳದಿಯ ದೇವಸ್ಥಾನದ ಧ್ವಜಸ್ತಂಭದಲ್ಲಿ ರಾಜಾರಾಮನನ್ನು ಬರಮಾಡಿಕೊಳ್ಳುವ ಚೆನ್ನಮ್ಮನೆಂದು ತೋರಿಸುವ ಶಿಲ್ಪವಿದೆ, ವೀರಭದ್ರನ ಗುಡಿಯ ಮಾಡಿನಲ್ಲಿ ಗಂಡಭೇರುಂಡವಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ನೆಲಕ್ಕೆ ಬಿದ್ದು ಅಡ್ಡಬಿದ್ದ ಮೂವರು ಅರಸರ ಚಿತ್ರಗಳನ್ನು ಕೆತ್ತಿದ್ದಾರೆ. ಅಲ್ಲಿನ ನಡುಗಂಬಗಳ ನಡುವಿನ ಅಂತರವೇ, ಹದಿನೆಂಟೂವರೆ ಅಡಿ, ಅಡಿಕೆ ತೋಟ ಅಳೆಯುವ ಕೋಲಿಗೆ ಮಾನವಾಗಿತ್ತಂತೆ. ಕಂದಾಯ ತಪ್ಪಿಸುವವನೂ ದೇವರ ಮುಂದೆ ಸುಳ್ಳು ಅಳತೆ ಹೇಳುವುದು ಕಷ್ಟ ತಾನೇ!

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಘಟ್ಟ ಹತ್ತಿ ಈ ಇಕ್ಕೇರಿಗೆ ಬಂದಿದ್ದ. ಬರುವ ದಾರಿಯಲ್ಲಿ ಪಾಳುಬಿದ್ದ ಗೇರುಸೊಪ್ಪೆಯನ್ನು ನೋಡಿದ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ಊರು ಅದು. ರಾಜ್ಯ ಹೇಗೆ ಹೋಯಿತೆಂದು ಅವನಿಗೂ ಯಾರೋ ಹೇಳಿದ್ದರು: ರಾಣಿ ಒಬ್ಬ ಪರದೇಶಿಯನ್ನು ಮೆಚ್ಚಿ ಅವನ ಕೈಗೆ ಅಧಿಕಾರ ಕೊಟ್ಟಳಂತೆ, ಅವನು ತಿರುಗಿಬಿದ್ದನಂತೆ. ನೋಡಿ, ನೂರನಲವತ್ತು ವರ್ಷ ಮೊದಲೇ ಅದೇ ರಾಗ! ಅವಳ ನಾಡನ್ನು ನುಂಗಿದವನು ಇಕ್ಕೇರಿಯ ವೆಂಕಟಪ್ಪ ನಾಯಕ. ಮೆಣಸು ಬೆಳೆಯುವ ನೆಲದ ಮೇಲೆ ಅವನಿಗೆ ಕಣ್ಣಿತ್ತು ಎಂದರೆ ಸಾಕಾಗುತ್ತಿರಲಿಲ್ಲವೇ?

ಆದರೂ ಈ ಇಟಲಿಯವನನ್ನು ನಾನು ಒಂದು ಕಾರಣಕ್ಕೆ ಮೆಚ್ಚುತ್ತೇನೆ. ಇಕ್ಕೇರಿಯ ಬೀದಿಯಲ್ಲಿ ಅವನು ಸಹಗಮನಕ್ಕೆ ಸಿದ್ಧಳಾದ ಒಬ್ಬ ಹೆಂಗಸನ್ನು ಕಂಡ. ಗಂಡ ನಗಾರಿ ಬಾರಿಸುವವನು. ಅವಳ ಮನೆಗೇ ಹೋಗಿ ಮಾತಾಡಿಸಿದ. ಬೇಡವೆಂದು ಹೇಳಿನೋಡಿದ. ಮಕ್ಕಳು ಚಿಕ್ಕವಲ್ಲ, ಅವುಗಳ ಗತಿಯೇನು ಎಂದು ಕೇಳಿದ. ಮಾವನ ಕೈಗೆ ಒಪ್ಪಿಸಿದ್ದೇನೆ ಎಂದಳಂತೆ. ಯಾರ ಬಲವಂತವೂ ಇಲ್ಲ ಎಂದಳಂತೆ. ಅವಳ ಹೆಸರು ಅಳಿಯದಂತೆ ಬರೆಯುತ್ತೇನೆ ಎಂದು ಮಾತು ಕೊಟ್ಟು, ತನ್ನ ಭಾಷೆಯ ಕಾಗುಣಿತದಲ್ಲಿ ಬರೆದಿಟ್ಟ: ಜಾಕ್ಕಮಾ. ನಮ್ಮ ಜಕ್ಕಮ್ಮನೇ ಇರಬೇಕು.

ದೇವಸ್ಥಾನದ ಹೊರಗೆ ನಂದಿಯ ಮಂಟಪದ ನೆರಳಿನಲ್ಲಿ ನಮ್ಮ ಸೈಕಲ್ಲುಗಳು ನಿಂತಿದ್ದವು. ‘ಅವಳ ಬೀದಿ ಯಾವ ಕಡೆ ಇದ್ದಿರಬಹುದು?’ ಎಂದಳು ಸೊಸೆ. ಸುತ್ತ ಹುಲ್ಲು, ಆಚೆ ಅಡಿಕೆ ತೋಟ. ಹುಲ್ಲಿನಲ್ಲಿ ಸೈಕಲ್ ತಳ್ಳಿಕೊಂಡು ಒಂದು ಸುತ್ತು ಹಾಕಿಬಂದೆವು.